ಅಳತೆ ನಿಂತ ಮೇಲೆ

"ಈ ಮರೀನ ಓಡಿಸಬಹುದು ಅಂತ ನಿಮಗೆ ಯಾರು ಹೇಳಿದ್ದು?" ನಾಯಿಯ ಮುಂಗಾಲನ್ನು ಮೆಲ್ಲಗೆ ಮಡಿಸಿ ನೋಡುತ್ತ ಡಾಕ್ಟರು ಕೇಳಿದರು.

"ಟೇಪು," ಎಂದಳು ಟೈಲರಮ್ಮ.

ಚೀಲದಿಂದ ಗಿರಾಕಿಗಳ ಅಳತೆ ಪುಸ್ತಕ ತೆಗೆದಳು. ಭುಜ, ಎದೆ, ತೋಳುಗಳ ನಡುವೆ ಒಂದು ಪುಟ ಈ ನಾಯಿಮರಿ ಗುಂಡಿಯದು. ಪ್ರತಿ ಭಾನುವಾರ ಗೋಡೆಗೆ ಒರಗಿಸಿ ಎತ್ತರ ಅಳೆದಿದ್ದಳು. ಆರು ವಾರದಿಂದ ಅಂಕಿ ಕದಲಿರಲಿಲ್ಲ. ಬೆಳೆಯುವ ಮಕ್ಕಳ ಬಟ್ಟೆಗೆ ಹೊಲಿಗೆಯೊಳಗೆ ಎಷ್ಟು ಹೆಚ್ಚು ಬಿಡಬೇಕೆಂದು ಇಪ್ಪತ್ತು ವರ್ಷದಿಂದ ಬಲ್ಲವಳು. ಇವಳ ಬೆಳವಣಿಗೆ ಮುಗಿಯಿತೆಂದುಕೊಂಡು ತನ್ನ ಜೊತೆ ಮೂರು ಕಿಲೋಮೀಟರ್ ಓಡಿಸಿದ್ದಳು. ಮರುದಿನ ಗುಂಡಿ ಕುಂಟಿದಳು.

ಡಾಕ್ಟರು ನಗಲಿಲ್ಲ. ತಡೆದ ನಗು ಮೀಸೆಯ ತುದಿಯಲ್ಲಿ ಕಂಡಿತು. ಅವಳಿಗೆ ಸಿಟ್ಟು ಬಂತು, ಯಾಕೋ ಹಿತವೂ ಆಯಿತು.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಎತ್ತರ ನಿಂತಿದೆ, ನಿಜ. ಆದ್ರೆ ಎಲುಬಿನ ತುದೀಲಿ ಈ ಕಪ್ಪು ಗೆರೆ ಇದ್ಯಲ್ಲ, ಅಲ್ಲಿನ್ನೂ ಮೆತ್ತಗಿದೆ. ಈಗ ಹತ್ತು ತಿಂಗಳು. ದೊಡ್ಡ ಜಾತಿ ನಾಯಿ, ಒಂದೂವರೆ ವರ್ಷ ಆಗ್ಲಿ. ಅಲ್ಲೀವರೆಗೂ ನಡಿಗೆ ಮಾತ್ರ. ಅದೂ ಅವಳು ನಿಂತಲ್ಲಿ ನಿಂತು."

"ಕುಂಟು ಉಳಿದುಬಿಡುತ್ತಾ?"

"ಎರಡು ವಾರ ವಿಶ್ರಾಂತಿ ಕೊಡಿ, ಉಳಿಯಲ್ಲ. ಮತ್ತೆ ಓಡಿಸಿದ್ರೆ ನಾನು ಹೇಳಲಾರೆ."

"ಓಡ್ಸಲ್ಲ," ಎಂದಳು. ಬಟ್ಟೆಗೆ ಕತ್ತರಿ ಇಟ್ಟ ಮೇಲೆ ಕೈ ನಡುಗಿಸುವವಳಲ್ಲ ಅವಳು.

ಎರಡು ವಾರ ಕಳೆದ ಮೇಲೆ ನಡಿಗೆ ನೋಡಲೆಂದು ಒಂದು ಸಂಜೆ ಡಾಕ್ಟರೇ ಅವಳ ಮನೆಗೆ ಬಂದರು. ಮರುದಿನವೂ ಬಂದರು. ಗುಂಡಿ ಒಂದೊಂದು ಕಂಬವನ್ನೂ ಮೂಸುವಷ್ಟು ಹೊತ್ತು ಇಬ್ಬರೂ ನಿಲ್ಲಬೇಕಾಗುತ್ತಿತ್ತು. ನಿಂತಾಗ ಅವರು ಅವಳ ಕುತ್ತಿಗೆಗೆ ಅಂಟಿದ ನೂಲಿನ ಎಳೆ ನೋಡುವರು, ತೆಗೆಯಲು ಕೈ ಎತ್ತಿ, ಕನ್ನಡಕ ಸರಿಮಾಡಿಕೊಳ್ಳುವರು.

"ಡಾಕ್ಟ್ರಿಗೆ ಊರಲ್ಲಿ ಬೇರೆ ನಾಯಿಗಳೇ ಇಲ್ವೇನೇ?" ಎಂದಳು ಟೈಲರಮ್ಮನ ಅಕ್ಕ, ಪಕ್ಕದಲ್ಲಿ ಕೂತು ಕಾಜಾ ಹೊಲಿಯುತ್ತ.

"ಇವಳ ಕಾಲು ಸೂಕ್ಷ್ಮ."

"ಯಾರ ಕಾಲಮ್ಮ ನೆಲದ ಮೇಲೆ ನಿಲ್ದೇ ಇರೋದು, ಅವಳದಾ, ನಿಂದಾ?"

ಎಂಟು ತಿಂಗಳು ಹಾಗೇ ನಡೆದರು. ಇಳಿಬಿಸಿಲಿನಲ್ಲಿ ಗುಂಡಿ ಹಗ್ಗ ಜಗ್ಗಿ ಕುಣಿದಾಗ ಟೈಲರಮ್ಮನ ಕಾಲೂ ಓಡಲು ತವಕಿಸುತ್ತಿತ್ತು. ಹಲ್ಲು ಕಚ್ಚಿ ನಡೆಯುತ್ತಿದ್ದಳು.

ಕೊನೆಗೆ ಹೊಸ ಎಕ್ಸ್‌ರೇ ಬಂತು. ಕಪ್ಪು ಗೆರೆ ಮಾಯವಾಗಿತ್ತು. ಡಾಕ್ಟರು ಚೀಟಿ ಬರೆದರು: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಮಣ್ಣಿನ ದಾರಿ, ವಾರಕ್ಕೆ ಮೂರು ದಿನ, ನಿಧಾನವಾಗಿ ಹೆಚ್ಚಿಸುವುದು.

"ಇನ್ನು ನಾನು ಬರೋಕಾಗಲ್ಲ," ಎಂದರು ಪೆನ್ನು ಮುಚ್ಚುತ್ತ. "ನನ್ನ ಮಂಡಿ ಹೋಗಿ ಹತ್ತು ವರ್ಷ ಆಯ್ತು. ನಾನು ಓಡೋನಲ್ಲ."

ಇಷ್ಟು ದಿನ ಯಾವ ದಿನಕ್ಕಾಗಿ ಕಾದಿದ್ದಳೋ ಅದೇ ದಿನ ಅವರನ್ನು ಕಸಿಯಲು ಬಂದಿತ್ತು. ಗುಂಡಿಯನ್ನು ಮತ್ತೆ ನಡಿಗೆಗೆ ಕಟ್ಟಿಹಾಕುವುದೇ? ಉಹೂಂ. ಓಟವನ್ನೂ ಬಿಡುವವಳಲ್ಲ, ಇವರನ್ನೂ ಬಿಡುವವಳಲ್ಲ.

"ಎರಡು ನಿಮಿಷ ನಡಿಗೆ ಅಂತ ನೀವೇ ಬರೆದಿದ್ದೀರಿ," ಎಂದಳು. "ಅದಕ್ಕೆ ಬನ್ನಿ. ನಾವು ಮುಂದೆ ಓಡಿ, ತಿರುಗಿ ನಿಮ್ಮ ಹತ್ರಾನೇ ಬರ್ತೀವಿ."

"ನಾಲ್ಕು ತಿಂಗಳಾದ್ಮೇಲೆ ಅರ್ಧ ಗಂಟೆ ಒಂದೇ ಸಮ ಓಡ್ತಾಳೆ. ಆಗ?"

"ಆಗ ಒಂದೇ ಮನೆಯಿಂದ ಹೊರಡ್ತೀವಿ. ವಾಪಸ್ ಬಂದಾಗ ಬಾಗಿಲು ತೆಗೆಯೋರು ನೀವು."

ಡಾಕ್ಟರು ಎಕ್ಸ್‌ರೇಯನ್ನು ಕವರಿಗೆ ಹಾಕಲು ಹೋಗಿ ಎರಡು ಸಲ ತಪ್ಪಿದರು. "ನಮ್ಮನೆ ಹಿಂದೆ ಬಯಲಿದೆ. ಗುಂಡಿಗೆ ಒಳ್ಳೇದು."

"ನಾನು ಗುಂಡಿ ವಿಷ್ಯ ಕೇಳ್ಲಿಲ್ಲ."

ಅವರು ತಲೆಯೆತ್ತಿ, ಮೊದಲ ಸಲ ಕಣ್ಣು ತಪ್ಪಿಸದೆ ಅವಳನ್ನು ನೋಡಿದರು.

"ಕಿಟಕಿ ಪಕ್ಕ ನಿಮ್ಮ ಮಷೀನಿಗೆ ಜಾಗ ಖಾಲಿ ಮಾಡಿ ಎರಡು ತಿಂಗಳಾಯ್ತು," ಎಂದರು. "ಕೇಳೋಕೆ ಧೈರ್ಯ ಬಂದಿರಲಿಲ್ಲ."