ಗಂಗಮ್ಮನ ಮೀಸಲು ತಟ್ಟೆ

ರೇಷ್ಮೆಹುಳುಗಳಿಗೆ ದೆವ್ವ ಹಿಡಿದಿದೆ ಎಂದು ರೈತ ನರಸಪ್ಪ ಗೋಳಾಡಿದಾಗ ದಸ್ತಗಿರ್ ನಕ್ಕುಬಿಟ್ಟಿದ್ದ. ಅಂಬಾಜಿದುರ್ಗದ ತಪ್ಪಲಿನ ಆ ಹುಳುಮನೆಯ ಹೊಸ್ತಿಲಲ್ಲಿ ಮಾತ್ರ ಅವನ ನಗು ನಿಂತಿತು.

ದಸ್ತಗಿರ್ ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ತೆಗೆಸುವವನು, ಚಿಂತಾಮಣಿಯ ಪತ್ತೇದಾರ ಚೆನ್ನರಾಯಪ್ಪನವರ ಹಳೇ ಜೊತೆಗಾರ. ಹುಳುಗಳ ನಡುವೆಯೇ ಬೆಳೆದವನು. ಆದರೂ ಅರವತ್ತೆರಡನೇ ಇಸವಿಯ ಆ ಮಧ್ಯಾಹ್ನ ಕಂಡದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಚೆನ್ನರಾಯಪ್ಪನವರ ಹಿಂದೆ ಒಳಗೆ ಹೆಜ್ಜೆಯಿಡುವ ಮುಂಚೆ ನರಸಪ್ಪನ ವಿಧವೆ ಅಕ್ಕ ಆಂಜಿನಮ್ಮ ಅವನನ್ನು ತಡೆದಳು. "ಬೀಡಿ ಸೇದಿದ ಕೈ ತೊಳ್ಕೊಳಪ್ಪ. ಆ ಕೈಲಿ ಮುಟ್ಟಿದ್ರೆ ಹುಳ ಸತ್ತೋಗ್ತವೆ."

ಮಬ್ಬುಗತ್ತಲಲ್ಲಿ ಸಾವಿರಾರು ಬಿಳಿ ಹುಳುಗಳು ಎದೆಯೆತ್ತಿ, ಸದ್ದಿಲ್ಲದೆ ತಲೆ ತೂಗುತ್ತಿದ್ದವು. ಬಾಯಿಂದ ಕಂದು ನೀರು ಜಿನುಗುತ್ತಿತ್ತು. ಮೂಲೆಯ ಒಂದೇ ಒಂದು ತಟ್ಟೆಯಲ್ಲಿ ಹುಳುಗಳು ಹಾಯಾಗಿ ಸೊಪ್ಪು ಮೇಯುತ್ತಿದ್ದವು.

"ಅದು ಗಂಗಮ್ಮನ ಮೀಸಲು ಸ್ವಾಮಿ," ಎಂದ ನರಸಪ್ಪ. "ಮೊದಲ ಗೂಡು ದೇವರಿಗೆ. ಗುರುತು ಹಾಕಲ್ಲ, ಮನೆಯವರಿಗಷ್ಟೇ ಗೊತ್ತು."

ಹೊಸ್ತಿಲಾಚೆಯಿಂದ ಅವನ ತಾಯಿ ಕೊಂಡಮ್ಮ, ಕೆನ್ನೆ ತುಂಬ ಹೊಗೆಸೊಪ್ಪು ಒತ್ತಿಕೊಂಡು ಕೂಗಿದಳು: "ದೇವರದ್ದು ಉಳೀತು, ಮಿಕ್ಕಿದ್ದು ಇವಳ ಕಾಲ್ಗುಣಕ್ಕೆ ಹೋಯ್ತು! ಇವತ್ತೇ ತೌರಿಗೆ ಹೊರಡಲಿ."

ಹೊರಗಾಗಿ ಮೂರು ದಿನದಿಂದ ಕೊಟ್ಟಿಗೆಯ ಜಗಲಿಯಲ್ಲಿದ್ದ ಸೊಸೆ, ನರಸಪ್ಪನ ಹೆಂಡತಿ ಶಾಂತಕುಮಾರಿ, ಅವತ್ತು ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಬಂದಿದ್ದಳಷ್ಟೆ. ಅವಳ ಟ್ರಂಕು ಆಗಲೇ ಗಾಡಿ ಏರಿತ್ತು. ಪಾಪದ ಹುಡುಗಿ, ಅಳುವುದನ್ನೂ ಮರೆತಿದ್ದಳು.

ಚೆನ್ನರಾಯಪ್ಪನವರು ತಟ್ಟೆ ತಟ್ಟೆಯ ಎಲೆ ಮುಟ್ಟಿದರು. ಎಲ್ಲ ಒದ್ದೆ, ಮೀಸಲು ತಟ್ಟೆಯದು ಮಾತ್ರ ಒಣ. ಸೊಪ್ಪಿನ ಬುಟ್ಟಿಗೆ ಹೊದಿಸಿದ್ದ ಹಸಿ ಗೋಣಿಯನ್ನು ಮೂಸಿ ದಸ್ತಗಿರನ ಮೂಗಿಗೆ ಹಿಡಿದರು.

"ಗೋಣಿ ವಾಸನೆ ಸಾಹೇಬ್ರೇ."

"ಬೀಡಿ ಮೂಗಿಗೆ ಇನ್ನೇನು ತಿಳಿಯುತ್ತಯ್ಯ!" ಎಂದು ನಕ್ಕು ಅವರು ಎಲ್ಲರನ್ನೂ ಜಗಲಿಗೆ ಕರೆದರು.

"ದೆವ್ವ ಅಲ್ಲ, ಗೋಣಿಯಿಂದ ಎಲೆಗಿಳಿದ ಹೊಗೆಸೊಪ್ಪಿನ ನೀರು," ಎಂದು ಶುರುಮಾಡಿದರು. "ಹುಳುವಿನ ಮಿದುಳಲ್ಲಿ ಒಂದು ನರ ಇನ್ನೊಂದಕ್ಕೆ ಸುದ್ದಿ ಕಳಿಸೋದು ರಸಾಯನದಲ್ಲಿ. ಹಿಡ್ಕೊಳ್ಳೋಕೆ ಆಚೆ ನರದಲ್ಲಿ ಗ್ರಾಹಕ ಇರುತ್ತೆ, ಬಾಗಿಲ ಬೀಗದ ಹಾಗೆ. ಸುದ್ದಿ ಮುಟ್ಟಿದ ಕೂಡಲೇ ಆ ರಸಾಯನ ಅಳಿದುಹೋಗುತ್ತೆ. ಹೊಗೆಸೊಪ್ಪಿನ ನಿಕೊಟಿನ್ ಕಳ್ಳಕೀಲಿ. ಅದೇ ಬೀಗ ತೆಗೆಯುತ್ತೆ, ಆದ್ರೆ ಅಷ್ಟು ಸುಲಭಕ್ಕೆ ಅಳಿಯಲ್ಲ. 'ಅಲ್ಲಾಡು' ಅನ್ನೋ ಅಪ್ಪಣೆ ನಿಲ್ಲೋದೇ ಇಲ್ಲ. ಹುಳ ಸಾಯೋವರೆಗೂ ತೂಗುತ್ತೆ."

ಎಲ್ಲರ ಕಣ್ಣೂ ಕೊಂಡಮ್ಮನ ಕೆನ್ನೆಯತ್ತ ಹೊರಳಿದವು.

"ಸಂಚಿ ಅವರದು, ಕೈ ಅವರದಲ್ಲ. ಹೊಗೆಸೊಪ್ಪು ಹಾಕೋರು ಅಂತ ಅವರು ಹೊಸ್ತಿಲು ದಾಟಲ್ಲ. ನರಸಪ್ಪ ಹುಳ ಗೂಡು ಕಟ್ಟೋ ಚಂದ್ರಿಕೆ ತರೋಕೆ ಗೌರಿಬಿದನೂರಿಗೆ ಹೋಗಿದ್ದ. ಶಾಂತಕುಮಾರಿ ಹೊರಗಿದ್ದಳು, ಬುಟ್ಟಿ ಮುಟ್ಟೋ ಹಾಗೇ ಇರಲಿಲ್ಲ. ಗೋಣಿ ನೆನೆಸಿದೋರು ಒಬ್ಬರೇ. ವಿಷ ಹಾಕೋಕೆ ಹೆದರಲಿಲ್ಲ, ಗಂಗಮ್ಮನಿಗೆ ಹೆದರಿದರು. ಆ ತಟ್ಟೆಗೆ ಮಾತ್ರ ತೋಟದಿಂದ ಹೊಸ ಸೊಪ್ಪು ತಂದು ಹಾಕಿದರು. ಹೊಗೆಸೊಪ್ಪಿನ ಕೈಯಿಂದ ಹುಳ ಸಾಯುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಅಲ್ವೇನಮ್ಮ ಆಂಜಿನಮ್ಮ?"

ಆಂಜಿನಮ್ಮ ಕಂಬಕ್ಕೆ ಒರಗಿ ಕುಸಿದಳು. "ಗಂಡ ಹೋದ್ಮೇಲೆ ಈ ಹುಳಗಳೇ ನನ್ನ ಮಕ್ಕಳಪ್ಪ. ಇವಳು ಬಂದಿದ್ದೇ ತಡ, ಬೆಳೆ ಚೆನ್ನಾಗಾಯ್ತು, ಹುಳುಮನೆ ಇವಳ ಪಾಲಾಯ್ತು. ನಂಗೇನು ಉಳೀತು?"

ಕೊಂಡಮ್ಮ ಸೊಸೆಯ ಮುಖ ನೋಡಲಾರದೆ ಸೆರಗು ಕಚ್ಚಿಕೊಂಡಳು. ನರಸಪ್ಪ ಗಾಡಿಯಿಂದ ಟ್ರಂಕು ಇಳಿಸಿದ.

ಒಳಗೆ ಮೀಸಲು ತಟ್ಟೆಯಲ್ಲಿ ಸೊಪ್ಪು ಮುಗಿದಿತ್ತು. ಆಂಜಿನಮ್ಮ ಅಭ್ಯಾಸಬಲದಿಂದ ಎದ್ದು, ಮರುಗಳಿಗೆ ತನ್ನ ಕೈಗಳನ್ನೇ ನೋಡಿಕೊಂಡು ನಿಂತುಬಿಟ್ಟಳು. ಶಾಂತಕುಮಾರಿ ಚೊಂಬು ತುಂಬಿಕೊಂಡು ಬಂದಳು. ಅತ್ತಿಗೆಯ ಬೆರಳು ಬೆರಳನ್ನೂ ಮಣ್ಣು ಹಚ್ಚಿ ಉಜ್ಜಿ ತೊಳೆದಳು, ಮೂಸಿ ನೋಡಿ ಮತ್ತೊಮ್ಮೆ ತೊಳೆದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

"ನಡೀರಿ ಅಕ್ಕ. ದೇವರ ಹುಳ ಹಸ್ಕೊಂಡಿವೆ."