ದಿಬ್ಬದ ಕರಿಕಲ್ಲು

ಮಂಜಿಗೆ ನೆನೆದ ಕಂಬಳಿಯ ವಾಸನೆ ಠಾಣೆಯ ಮುಖ್ಯಸ್ಥ ಅಮೀನ್ ದೇವೇಂದ್ರಪ್ಪನಿಗೆ ಅಜ್ಜಿಯ ಮಡಿಲಿನಿಂದಲೇ ಗೊತ್ತು. ನಿಜಾಮರ ಫಸಲಿ ವರ್ಷ ೧೩೫೧, ಬಹಮನ್ ತಿಂಗಳ ೧೪ರ ಬೆಳಿಗ್ಗೆ ಮಕ್ತಲ್ ಠಾಣೆಯ ಮೇಜಿನ ಮೇಲಿಟ್ಟ ಖಾಲಿ ಪೆಟ್ಟಿಗೆಯಿಂದ ಅದೇ ವಾಸನೆ ಬಂತು. ಪೆಟ್ಟಿಗೆಯ ಹುಲ್ಲಿನಲ್ಲಿ ಕರಿ ಉಣ್ಣೆಯ ಎಳೆಯೊಂದು ಸಿಕ್ಕಿಕೊಂಡಿತ್ತು.

ದೂರು ತಂದವನು ಗದ್ವಾಲದ ವೆಂಕಟಯ್ಯ, ಸರ್ಕಾರಿ ಭೂವಿಜ್ಞಾನಿ. ಮಾಗನೂರಿನ ಅವನ ಡೇರೆಯಿಂದ ರಾತ್ರಿ ಆ ಪೆಟ್ಟಿಗೆಯಲ್ಲಿದ್ದ ಕರಿಕಲ್ಲು ಕಳವಾಗಿತ್ತು. ಎಫ್‌ಐಆರ್ ಬರೆಯುತ್ತಿದ್ದ ಪೊಲೀಸ್ ಜವಾನ ಸಿದ್ದಪ್ಪ ತಲೆಯೆತ್ತಿದ.

“ನಮ್ಮ ಸೀಮ್ಯಾಗ ಕಲ್ಲು ಕದಿಬೇಕೇನ್ರಿ? ಬಿತ್ತಾಕ ಹೋದ್ರ ಅವೇ ಸಿಗತಾವ.”

“ಇದು ಬ್ಯಾರೆ ಐತ್ರಿ,” ಎಂದ ವೆಂಕಟಯ್ಯ. “ಕಬ್ಬಿಣದಂಗ ಭಾರ. ದಿಕ್ಸೂಚಿ ಮುಳ್ಳು ಎಳೀತದ. ಅಕ್ಕಸಾಲಿಗರ ಬಿಳಿಗಾರದಾಗ ಇರೋ ಬೋರಾನ್ ಇದರಾಗೂ ಐತಿ. ಪುಡಿಗೆ ಆಮ್ಲ, ಸ್ಪಿರಿಟ್ ಹಾಕಿ ಹಚ್ಚಿದ್ರ ಉರಿ ಹಸಿರಾಗತದ.”

“ಎಲ್ಲಿ ಸಿಕ್ತು?” ಅಮೀನ್ ಕೇಳಿದ.

“ಊರಾಚೆ ದಿಬ್ಬದ ಮ್ಯಾಲ. ಅರ್ಧ ಒಡಕೊಂಡು ಬಂದೆ. ಆದ್ರ ಒಂದು ತಿಳೀವಲ್ದು. ಕುದಿಯೋ ಶಿಲಾರಸ ಸುಣ್ಣದಕಲ್ಲಿಗೆ ತಾಗಿದಲ್ಲಿ ಇದು ಹುಟ್ಟತದ. ಅಲ್ಲಿ ಸುಣ್ಣದಕಲ್ಲೇ ಇಲ್ಲ.”

ಅಮೀನ್ ಉಣ್ಣೆಯ ಎಳೆಯನ್ನು ಬೆರಳಿಗೆ ಸುತ್ತಿದ. “ಅಂದ್ರ ಯಾರೋ ಕುರಿಯವರು ಹೊತ್ತು ತಂದಿಟ್ಟಾರ. ನಡೀರಿ.”

ಮಧ್ಯಾಹ್ನ ದಿಬ್ಬದ ಮೇಲೆ ಪಂಚನಾಮೆ ನಡೆಯಿತು. ಕಳವಾದ ಕಲ್ಲು ಅಲ್ಲೇ ಇತ್ತು. ಎರಡು ಹೋಳುಗಳನ್ನೂ ಕೂಡಿಸಿ, ಕರಿ ಉಣ್ಣೆಯ ದಾರದಿಂದ ಬಿಗಿದು, ಭಂಡಾರದ ಅರಿಶಿನ ಹಚ್ಚಲಾಗಿತ್ತು. ವೆಂಕಟಯ್ಯ ದಿಕ್ಸೂಚಿ ಹಿಡಿದ, ಮುಳ್ಳು ತಿರುಗಿತು. ಹತ್ತಿರದ ಗುಡಿಸಲಿನಿಂದ ಕಂಬಳಿ ಹೊದ್ದ ಮುದುಕಿ ಬುಗ್ಗಮ್ಮ ಬಂದಳು.

“ಡೇರೆಯಿಂದ ತಂದಾಕಿ ನೀನೇನವ್ವ?” ಅಮೀನ್ ಕೇಳಿದ.

“ಹೌದ್ರಿ. ನಮ್ದು ನಾ ತಂದೀನಿ.”

“ನಿಮ್ದು ಅಂದ್ರ ಯಾರದು?”

“ನಮ್ಮ ಮನಿಯವರದು.” ಗಂಡನ ಹೆಸರು ಆಕೆಯ ಬಾಯಿಗೆ ಬರಲಿಲ್ಲ. “ಕುರಿ ಹೊಡಕೊಂಡು ದೂರ ಹೋದಾಗ ತಂದಿದ್ರು. ಸಣ್ಣದಿದ್ರೂ ಭಾರ ಐತಿ, ಉಣ್ಣಿ ತೂಗಾಕ ಬರತದ ಅಂತ. ಅವರನ್ನ ಇಲ್ಲೇ ಮಣ್ಣು ಮಾಡೀವಿ. ತಲಿ ಕಡೆ ಅದನ್ನ ಇಟ್ಟೆ.”

ವೆಂಕಟಯ್ಯ ಮೆಲ್ಲಗೆ ದಿಬ್ಬದಿಂದ ಕೆಳಗಿಳಿದು ನಿಂತ.

“ಬಂದು ಕೇಳಬೇಕಿತ್ತಲ್ಲವ್ವ,” ಎಂದ ಅಮೀನ್.

“ಕೇಳಿದ್ರ ಕೊಡ್ತಿದ್ರೇನ್ರಿ? ಸಂಜಿಗೆ ಮಾತಾಡಾಕ ನನಗ ಬ್ಯಾರೆ ಯಾರದಾರ?”

ನಾಲ್ಕು ಗಂಟೆಗೆ ಠಾಣೆಯಲ್ಲಿ ಆಕೆಯ ದಸ್ತಗಿರಿ ದಾಖಲಾಯಿತು, ಕಲ್ಲು ಜಪ್ತಿಯಾಯಿತು. ಉದ್ದೇಶ ಎಂಬಲ್ಲಿ ದೇವೇಂದ್ರಪ್ಪ ‘ಮಾತಿಗೆ ಜೊತೆಯಿಲ್ಲದೆ’ ಎಂದು ಬರೆದ. ಬೀರುವಿಗೆ ಹೋಗಬೇಕಾದ ಕಲ್ಲನ್ನು ಸಿದ್ದಪ್ಪ ಲಾಕಪ್ಪಿನ ಸರಳುಗಳ ಬಳಿ, ಆಕೆಗೆ ಕಾಣುವಂತೆ ಇಟ್ಟ.

ಕಲ್ಲು ಆಕೆಯದೇ ಎಂದು ನಾಳೆ ಮುನ್ಸಿಫರ ಮುಂದೆ ಹೇಳುವುದಾಗಿ ವೆಂಕಟಯ್ಯ ಬರೆದುಕೊಟ್ಟ. ಆಮೇಲೆ ತನ್ನ ಡಬ್ಬಿ ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ಸರಳುಗಳ ಸಂದಿನಿಂದ ಆಕೆಯ ಕೈಗಿಟ್ಟ.