ಒಗೆಯದ ಸ್ವೆಟರ್

"ಮೈಮೇಲಿರೋ ಅಂಗಿ ಬಿಚ್ಚಿಕೊಡು ತಮ್ಮಾ," ಎಂದಳು ದಾರಿ ತೋರಿಸುವಾಕೆ. "ನಿನ್ನ ಬೆವರು ಹತ್ತಿದ್ದೇ ಆಗ್ಬೇಕು. ಬೇರೆಯವರದ್ದು ಬೇಡ."

ಕಾಡು ಶುರುವಾಗುವಲ್ಲೇ ಒಂದು ಬೋಳು ಮರ. ತಲೆವಸ್ತ್ರ ಬಿಚ್ಚಿ ಅದರ ಕೊಂಬೆಗೆ ಕಟ್ಟುತ್ತಿದ್ದ ಆಕೆಯನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. ಊರಲ್ಲಿ ಅವನದು ಲಾಂಡ್ರಿ ಅಂಗಡಿ. ಬೆಳಗಾದರೆ ಕಂಡವರ ಕಾಲರಿನ ಕೊಳೆ ತಿಕ್ಕಿ, ಇಸ್ತ್ರಿ ಹೊಡೆದು ಬದುಕುವವನು. ಹೊಟ್ಟೆ ಬಟ್ಟೆ ಕಟ್ಟಿ ಕಾಸು ಕೂಡಿಟ್ಟು, ಬೆನ್ನಿಗೊಂದು ಚೀಲ ಏರಿಸಿ ಹೊರದೇಶ ನೋಡಲು ಬಂದರೆ, ಇಲ್ಲೂ ಬೆವರಿನ ಪುರಾಣವೇ!

"ಅಕ್ಕಾ, ಬೆವರಿಗೆ ಅಷ್ಟು ಶಕ್ತಿ ಇದ್ದಿದ್ರೆ ನನ್ನ ಅಂಗಡಿ ಮುಂದೆ ದಿನಾ ದೆವ್ವಗಳು ಕ್ಯೂ ನಿಲ್ತಿದ್ವು!"

ಆಕೆ ನಗಲಿಲ್ಲ. "ನಮ್ಮಜ್ಜಿ ಕಾಲದಲ್ಲಿ ಮಾಟ ಮಾಡೋಳೊಬ್ಬಳ ಮಗ ಈ ಕಾಡಲ್ಲಿ ಸತ್ತ. ಅವಳು ಅವನ ಅಂಗೀನ ಇದೇ ಮರಕ್ಕೆ ಕಟ್ಟಿ, ಮಂತ್ರ ಹಾಕಿ, ದಾರೀಲಿ ಹೋಗ್ತಿದ್ದ ಇನ್ನೊಬ್ಬನ್ನ ಒಳಗೆ ಕಳಿಸಿದ್ಲು. ಬೆಳಗ್ಗೆ ಮಗ ಬಂದ. ಒಳಗೆ ಹೋದೋನು ಬರ್ಲಿಲ್ಲ. ಅವತ್ತಿಂದ ಕಾಡಿಗೆ ಮುಖ ಗೊತ್ತಾಗಲ್ಲ, ವಾಸನೆ ಒಂದೇ. ಇಲ್ಲಿ ಯಾರ ಬಟ್ಟೆ ಇರುತ್ತೋ ಅವರನ್ನೇ ಹೊರಗೆ ಬಿಡುತ್ತೆ."

ಒಳ್ಳೇ ಕತೆ, ಅಂದುಕೊಂಡ. ಆದರೆ ಮೈಮೇಲಿದ್ದದ್ದು ಇದ್ದುದರಲ್ಲೇ ಬೆಚ್ಚನೆಯ ಅಂಗಿ. ಉಳಿದದ್ದನ್ನೆಲ್ಲ ಹಿಂದಿನ ದಿನವೇ ವಸತಿಗೃಹದ ಬಚ್ಚಲಲ್ಲಿ ಒಗೆದು ಮಡಚಿಟ್ಟಿದ್ದ. ಹುಟ್ಟುಗುಣ, ಬಿಡುವುದೆಲ್ಲಿ? ಚೀಲದಲ್ಲಿ ಒಗೆಯದೆ ಉಳಿದದ್ದು ಒಂದೇ, ಅಣ್ಣನ ಸ್ವೆಟರ್.

ಅಣ್ಣ ಲಾರಿಗೆ ಸಿಕ್ಕಿ ಹೋಗಿ ಎರಡು ವರ್ಷ. ಆ ಸ್ವೆಟರನ್ನು ಮುಟ್ಟಲು ಅಮ್ಮ ಬಿಟ್ಟಿರಲಿಲ್ಲ. "ಒಗೆದ್ರೆ ಅವನ ವಾಸನೆ ಹೋಗುತ್ತೆ ಕಣೋ," ಎಂದು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಅಂಥದ್ದನ್ನು ಇವನು ಹೊರಡುವಾಗ ತಾನಾಗಿ ಚೀಲಕ್ಕೆ ತುರುಕಿದ್ದಳು, ಕಾಡಲ್ಲಿ ಚಳಿ ಎಂದು. ಅರ್ಧ ಗಂಟೆ ಹಿಂದೆ ಫೋನಿನಲ್ಲೂ ಅದೇ ಗೋಳು: "ಒಬ್ಬನ್ನ ಕಳ್ಕೊಂಡಿದೀನಿ. ನೀನೊಬ್ಬ ನೆಟ್ಟಗೆ ವಾಪಸ್ ಬಾ ಮಗಾ. ಕಾಡಿಂದ ಈಚೆ ಬಂದ ತಕ್ಷಣ ಫೋನ್ ಮಾಡು."

ಆಕೆ ಬೆನ್ನು ತಿರುಗಿಸಿದ್ದಾಗ ಇವನು ಸ್ವೆಟರನ್ನು ಕೊಂಬೆಗೆ ಎಸೆದ.

"ನಿಂದೇ ತಾನೆ?"

"ಮತ್ತಿನ್ಯಾರದ್ದು ಅಕ್ಕಾ!"

ಒಳಗೆ ಹೆಜ್ಜೆ ಇಡುತ್ತಲೇ ಬೆಳಕು ಸತ್ತಿತು. ಕೊಳೆತ ಎಲೆ, ಹಸಿ ಮಣ್ಣು, ಯಾವುದೋ ಹೂವಿನ ಗಾಢ ಸಿಹಿ ವಾಸನೆ. ನೆಲದ ತುಂಬ ರಕ್ತ ಹೀರುವ ಇಂಬಳ. ಆಕೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಕಾಲಿನಿಂದ ಒಂದೊಂದನ್ನೇ ಕಿತ್ತೆಸೆಯುತ್ತಿದ್ದಳು. ಇವನ ಕಾಲಿಗೆ ಒಂದೂ ಹತ್ತಲಿಲ್ಲ.

"ನೋಡಿ, ಮಾಟ ಏನೋ, ನಂಗಂತೂ ಲಾಭವೇ!" ಎಂದ.

ಆಕೆ ದೀಪ ಹಿಡಿದು ಒಂದೂ ಇಂಬಳವಿಲ್ಲದ ಅವನ ಕಾಲನ್ನು ನೋಡಿದಳು. ದೀಪ ತಗ್ಗಿಸಿ, ಬೇಗ ಬೇಗ ಮುಂದೆ ನಡೆದಳು.

ರಾತ್ರಿ ಟಾರ್ಪಾಲಿನ ಕೆಳಗೆ ಮಲಗಿದರು. ಬೆಂಕಿ ಆರಿತು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲು. ಜೀರುಂಡೆಗಳು ಕಿವಿ ಕೊರೆಯುತ್ತಿದ್ದವು. ಸೊಳ್ಳೆಗಳು ಆಕೆಯ ಸುತ್ತ ಗುಂಯ್‌ಗುಡುತ್ತಿದ್ದವು, ಇವನ ಹತ್ತಿರ ಸುಳಿಯಲಿಲ್ಲ. ಆಗ ಅವನಿಗೆ ಮೊದಲ ಸಲ ಅನುಮಾನ ಬಂತು. ತೋಳು ಮೂಗಿಗೆ ಒತ್ತಿಕೊಂಡ. ದಿನವಿಡೀ ಬೆವರಿದ ಮೈ. ವಾಸನೆಯೇ ಇಲ್ಲ. ಕಂಕುಳು, ಕೂದಲು, ಅಂಗೈ ಮೂಸಿದ. ಎಷ್ಟು ಸಲ ಒಗೆದರೂ ಒಂದಿಷ್ಟು ಉಳಿಯುತ್ತದೆ, ಅದು ಅವನ ಕಸುಬು, ಅವನಿಗೆ ಗೊತ್ತು. ಇಲ್ಲಿ ಅದೂ ಇಲ್ಲ.

ಆಮೇಲೆ ವಾಸನೆ ಬಂತು. ಅವನದಲ್ಲ. ತಲೆಗೆ ಹಾಕುವ ಎಣ್ಣೆ. ಪೆಟ್ರೋಲು. ಬೀಡಿ. ಬೆನ್ನ ಹಿಂದೆಯೇ. ಯಾರೋ ಕೆಮ್ಮಿದರು. ಊಟ ಆದ ಮೇಲೆ ಅಣ್ಣ ಕೆಮ್ಮುತ್ತಿದ್ದ ರೀತಿ.

"ಅಕ್ಕಾ!" ಎಂದು ಕೂಗಿದ. ಬಾಯಿ ತೆರೆಯಿತು. ದನಿ ಬರಲಿಲ್ಲ.

ಬೂದು ಬೆಳಕು ಹರಿಯಿತು. "ಏಳು ತಮ್ಮಾ, ಹೊರಡೋಣ," ಎಂದಳು ಆಕೆ, ಇವನತ್ತ ನೋಡದೆ.

"ಎದ್ದೆ," ಎಂದಿತು ಬೆನ್ನ ಹಿಂದಿನ ದನಿ.

ಅದು ಎದ್ದಿತು. ಇವನ ಚೀಲ ಹೆಗಲಿಗೇರಿಸಿತು. ನಡೆಯಿತು. ಇವನೂ ಓಡಿದ. ಬಳ್ಳಿ ಹರಿಯಲಿಲ್ಲ. ಎಲೆ ಅಲುಗಲಿಲ್ಲ. ಕಾಲ ಕೆಳಗೆ ಸದ್ದಿಲ್ಲ. ಬೋಳು ಮರ ಕಂಡಿತು. ಅದರಾಚೆ ಬಿಸಿಲು. ನುಗ್ಗಿದ. ಆಗಲಿಲ್ಲ. ಮತ್ತೆ ನುಗ್ಗಿದ. ಗಾಳಿ ಗೋಡೆಯಾಗಿತ್ತು.

ಆಚೆ ಅದು ಸ್ವೆಟರ್ ತೆಗೆದು ತೊಟ್ಟುಕೊಂಡಿತು. ಅಳತೆ ಸರಿಯಾಗಿತ್ತು. ತಲೆವಸ್ತ್ರ ಕಟ್ಟಿಕೊಳ್ಳುತ್ತ ತಿರುಗಿದ ಆಕೆ ಆ ಮುಖ ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ಕಾಡಿನ ಕಡೆ ನೋಡಿದಳು. ಇವನು ನಿಂತಿದ್ದಲ್ಲಿಗೇ ನೋಡಿದಳು, ಕಾಣಲಿಲ್ಲ.

"ಹೇಳಿದ್ನಲ್ಲಪ್ಪಾ," ಎಂದಳು. ಅಂಗಿಯ ಅಂಚಿನಿಂದ ಕಣ್ಣೊರೆಸಿಕೊಂಡು, ಹಿಂತಿರುಗಿ ನೋಡದೆ ಇಳಿಜಾರಿನಲ್ಲಿ ಓಡಿದಳು.

ಚೀಲದಲ್ಲಿ ಇವನ ಫೋನು ಬಡಿದುಕೊಂಡಿತು. ಅದು ಎತ್ತಿತು.

"ಈಚೆ ಬಂದ್ಯಾ ಮಗಾ? ರಾತ್ರಿಯೆಲ್ಲಾ ಕಣ್ಣಿಗೆ ಕಣ್ಣು ಹತ್ತಿಲ್ಲ ನಂಗೆ," ಅಮ್ಮನ ದನಿ ಮರದ ಈಚೆಗೂ ಕೇಳುತ್ತಿತ್ತು.

"ಬಂದೆ ಕಣಮ್ಮಾ."

"ದನಿ ಯಾಕೋ... ದೊಡ್ಡೋನ ಥರಾನೇ ಇದೆಯಲ್ಲೋ."

"ದೊಡ್ಡೋನೇ ಕಣಮ್ಮಾ."

ಅಮ್ಮ ಬಿಕ್ಕಿಬಿಕ್ಕಿ ಅತ್ತಳು. "ಬಾ ಮಗಾ. ಬೇಗ ಬಾ. ನನ್ನ ಕಂದಾ."

ಈಗ ಕೇಳುತ್ತಾಳೆ, ಅಂದುಕೊಂಡ ಕಿರಿಯವನು. ತಮ್ಮ ಎಲ್ಲೋ ಅಂತ ಈಗ ಕೇಳೇ ಕೇಳುತ್ತಾಳೆ. ಗಾಳಿಗೆ ಹಣೆಯೊತ್ತಿ ಕಿವಿಗೊಟ್ಟು ನಿಂತ. ಸ್ವೆಟರ್ ತೊಟ್ಟವನು ಫೋನು ಹಿಡಿದು ಇಳಿಜಾರಿನಲ್ಲಿ ದೂರವಾಗುತ್ತಿದ್ದ. ದನಿ ಸಣ್ಣಗಾಗುತ್ತ ಹೋಯಿತು.

ಬಂದ ದಿನ ಏನು ಅಡುಗೆ ಮಾಡಲಿ ಎಂದು ಅಮ್ಮ ಕೇಳುತ್ತಿದ್ದಳು.